ನಾಲ್ಕನೇ ಸೀಟು

ನಮ್ಮ ಮನೆಯಲ್ಲಿ ಮುಂಬೈ ಎಂದರೆ ಮೊದಲು ಹತ್ತಿಯ ದರ. ಅಪ್ಪ ಗದಗಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸುಗ್ಗಿಯ ದಿನಗಳಲ್ಲಿ ಮುಂಬೈನಿಂದ ಟ್ರಂಕ್ ಕಾಲ್ ಬಂದ ಮೇಲೆಯೇ ಪೇಟೆಯಲ್ಲಿ ಲಿಲಾವು ಕಾವೇರುತ್ತಿತ್ತು. ರೋಣ, ನರಗುಂದ, ಮುಂಡರಗಿಯ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬಂದ ರೈತರು ಅಂಡಿಗೆಗಳ ಮೇಲೆ ಕುಳಿತೇ "ಮುಂಬೈದಾಗ ಏನ್ ನಡದೈತ್ರೀ ಇವತ್ತ?" ಎಂದು ಅಪ್ಪನನ್ನು ಕೇಳುತ್ತಿದ್ದರು. ಅಜ್ಜನಿಗೆ ಅದು ರಾಜಧಾನಿ. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾಗುವ ತನಕ ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲೇ ಇತ್ತಲ್ಲ. ಅಜ್ಜನ ಹೊಲದ ತಕರಾರು ಅಲ್ಲಿನ ಹೈಕೋರ್ಟಿನವರೆಗೆ ಹೋಗಿ ಇತ್ಯರ್ಥವಾಗಿತ್ತು. ಬೆಂಗಳೂರಿನ ಹೆಸರು ಅವರ ಬಾಯಲ್ಲಿ ಬಂದದ್ದೇ ಕಡಿಮೆ.

ಅವ್ವನಿಗೆ ಮಾತ್ರ ಅದು ತನ್ನ ತಂಗಿ ಹೋಗಿ ಸೇರಿಕೊಂಡ ಊರು.

ಚಿಗವ್ವ ನಿಶ್ಚಯವಾಗಿದ್ದ ಮದುವೆಯನ್ನು ಬೇಡವೆಂದು ಮಿರಜಿಗೆ ಹೋಗಿ, ಅಲ್ಲಿಯ ಮಿಶನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಮುಂಬೈಯಲ್ಲಿ ನೌಕರಿ ಹಿಡಿದವಳು. ಮದುವೆಯ ಮನೆಗಳಲ್ಲಿ ಅವಳ ಸುದ್ದಿ ಬಂದರೆ ಹಿರಿಯರು ಮಾತು ತಿರುಗಿಸುತ್ತಿದ್ದರು. ಪ್ರತಿವರ್ಷ ಪಂಚಮಿಯ ಹೊತ್ತಿಗೆ ಅವಳಿಂದ ಅವ್ವನ ಹೆಸರಿಗೆ ಮನಿಯಾರ್ಡರ್ ಬರುತ್ತಿತ್ತು. ಅದರ ಕೂಪನ್ನಿನ ಮೇಲೆ ನಾಲ್ಕು ಸಾಲು ಬರೆದಿರುತ್ತಿದ್ದಳು. ಅವ್ವ ರೊಕ್ಕವನ್ನು ಖರ್ಚು ಮಾಡುತ್ತಿದ್ದಳು, ಕೂಪನ್ನುಗಳನ್ನು ಟ್ರಂಕಿನ ತಳದಲ್ಲಿ ಕಟ್ಟಿ ಇಡುತ್ತಿದ್ದಳು.

1986ರ ಜೂನ್. ನನ್ನ ಬಿ.ಎ. ಪರೀಕ್ಷೆ ಮುಗಿದಿತ್ತು, ಮನೆಯಲ್ಲಿ ವರ ನೋಡುವ ಮಾತು ಶುರುವಾಗಿತ್ತು. ಸೋದರಮಾವ ವ್ಯಾಪಾರದ ಕೆಲಸದ ಮೇಲೆ ಮುಂಬೈಯ ಕಾಳಬಾದೇವಿಗೆ ಹೊರಟಿದ್ದ. "ಇಕೀನ್ನೂ ಕರ್ಕೊಂಡು ಹೋಗು, ಒಮ್ಮೆ ಚಿಗವ್ವನ್ನ ನೋಡಿ ಬರ್ಲಿ" ಎಂದು ಅವ್ವ ಹೇಳಿದಾಗ ಅಪ್ಪ ಸುಮ್ಮನೆ ಅವಳ ಮುಖ ನೋಡಿದರು. ಅವ್ವ ಅದನ್ನು ಎಷ್ಟು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ. ಹೊರಡುವ ಮುನ್ನ ಅಪ್ಪ ನನಗೊಂದು ಕೆಲಸ ಹೇಳಿದರು: "ಕಾಟನ್ ಗ್ರೀನ್ ಅಂತ ಒಂದು ಸ್ಟೇಶನ್ ಐತಿ. ನಮ್ಮ ಹತ್ತಿ ಹೋಗೂದು ಅಲ್ಲಿಗೆ. ಒಮ್ಮೆ ನೋಡಿ ಬಾ." ಮೂವತ್ತು ವರ್ಷ ಅಲ್ಲಿಗೆ ಲೆಕ್ಕ ಬರೆದು ಕಳಿಸಿದವರು ಆ ಊರನ್ನು ಕಂಡಿರಲಿಲ್ಲ.

ಗದಗಿನಿಂದ ಮಿರಜಿನ ತನಕ ಆಗ ಮೀಟರ್ ಗೇಜ್. ಮಿರಜದಲ್ಲಿ ಇಳಿದು, ಸಾಮಾನು ಹೊತ್ತು, ಕೊಲ್ಹಾಪುರದಿಂದ ಬರುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಬೇಕು. ಆ ದೊಡ್ಡ ಗಾಡಿಯ ಅಗಲವೇ ನನಗೆ ಹೊಸದು. ಮಾವ ಮಲಗಿದ, ನಾನು ಮಲಗಲಿಲ್ಲ. ಕಾಲೇಜಿನ ಗ್ರಂಥಾಲಯದಿಂದ ತಂದು ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಆ ಬೇಸಿಗೆಯಲ್ಲಷ್ಟೇ ಓದಿ ಮುಗಿಸಿದ್ದೆ. ಮನುಷ್ಯನನ್ನು ಬೆನ್ನಟ್ಟುವ ಆ ಮುಂಬೈ ತಲೆಯ ತುಂಬ ಇತ್ತು. ಬೆಳಕು ಹರಿಯುವಾಗ ಗಾಡಿ ಖಂಡಾಳಾದ ಘಟ್ಟ ಇಳಿಯುತ್ತಿತ್ತು. ಸುರಂಗ ದಾಟಿದಂತೆಲ್ಲ ಒಂದೊಂದು ಹೊಸ ಜಲಪಾತ. ನಮ್ಮಲ್ಲಿ ಮಿರಗದ ಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡುವ ಕಾಲ ಅದು. ಇಲ್ಲಿ ಕಲ್ಲಿನಿಂದಲೂ ನೀರು ಸುರಿಯುತ್ತಿತ್ತು. ಕರ್ಜತ್‌ನಲ್ಲಿ ಮಾವ ಎದ್ದು ಬಟಾಟೆ ವಡೆ ಕೊಡಿಸಿದ. ಅಲ್ಲಿಂದ ಮುಂದೆ ಹಳಿಗಳು ಒಂದಕ್ಕೆ ಎರಡಾಗಿ, ಎರಡಕ್ಕೆ ನಾಲ್ಕಾಗಿ ಹೆಚ್ಚುತ್ತ ಹೋದವು. ಪಕ್ಕದ ಹಳಿಯಲ್ಲಿ ಲೋಕಲ್ ಗಾಡಿಗಳು ಬಾಗಿಲ ತುಂಬ ಜನರನ್ನು ಹೊತ್ತು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು.

ವಿ.ಟಿ.ಯಲ್ಲಿ ಇಳಿದೆವು. ಈಗ ಅದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಆಗ ಎಲ್ಲರ ಬಾಯಲ್ಲೂ ವಿ.ಟಿ. ಒಳಗಿಂದ ಅದು ಗದ್ದಲದ ಸ್ಟೇಶನ್, ಅಷ್ಟೆ. ಹೊರಗೆ ಬಂದು ರಸ್ತೆ ದಾಟಿ ಹಿಂತಿರುಗಿ ನೋಡಬೇಕು. ಗುಮ್ಮಟ, ಕಮಾನು, ಕಲ್ಲಿನಲ್ಲಿ ಅರಳಿದ ಎಲೆ-ಬಳ್ಳಿ, ಪಕ್ಷಿ, ಪ್ರಾಣಿ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಫ್ರೆಡರಿಕ್ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆ, ಕುಸುರಿ ಕೆಲಸದಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ. ಲಕ್ಕುಂಡಿಯ ಗುಡಿಗಳನ್ನು ನೋಡುತ್ತ ಬೆಳೆದವಳಿಗೆ ಕೆತ್ತಿದ ಕಲ್ಲು ಅಪರೂಪವಲ್ಲ. ಆದರೆ ಕೆಲಸಕ್ಕೆ ಓಡುವ ಜನರ ತಲೆಯ ಮೇಲೆ, ಅವರು ನೋಡಲಿ ಬಿಡಲಿ, ಇಷ್ಟೊಂದು ಚೆಲುವನ್ನು ಯಾರೋ ಇಟ್ಟಿದ್ದಾರೆ ಎನ್ನುವುದು ನನ್ನನ್ನು ಅಲ್ಲಾಡಿಸಿತು. ದೇವರಿಗೆ ಕಟ್ಟಿದ್ದಲ್ಲ ಅದು, ರೈಲು ಹತ್ತುವವರಿಗೆ ಕಟ್ಟಿದ್ದು.

ಚಿಗವ್ವ ರಾತ್ರಿ ಪಾಳಿ ಮುಗಿಸಿ ನೇರವಾಗಿ ಅಲ್ಲಿಗೇ ಬಂದಿದ್ದಳು. ಎತ್ತರದ ಹೆಂಗಸು, ಬಿಗಿಯಾಗಿ ಕಟ್ಟಿದ ತುರುಬು, ಹೆಗಲಲ್ಲಿ ರೆಗ್ಝಿನ್ ಚೀಲ, ಕೈಯಲ್ಲಿ ಉದ್ದನೆಯ ಛತ್ರಿ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, "ಅಕ್ಕನ ಮೂಗು" ಎಂದಳು. ಆಮೇಲೆ ಮಾವನ ಕಡೆ ತಿರುಗಿ, "ನೀ ನಿನ್ನ ಕೆಲ್ಸಕ್ಕ ಹೋಗಣ್ಣ, ಇಕಿ ನನ್ನ ಕೂಡ ಇರ್ತಾಳ" ಎಂದು ನನ್ನ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡಳು.

ಅವಳ ಮನೆ ಡೊಂಬಿವಲಿಯಲ್ಲಿ. ಮೂರಂತಸ್ತಿನ ಕಟ್ಟಡದಲ್ಲಿ ಒಂದು ಖೋಲಿ, ಒಂದು ಅಡುಗೆಮನೆ, ಬೆಳಗಿನ ಜಾವ ಬರುವ ನೀರು. ಆಜುಬಾಜಿನಲ್ಲಿ ಮರಾಠಿ, ಗುಜರಾತಿ, ತುಳು ಮಾತಾಡುವ ಸಂಸಾರಗಳು. ಎಲ್ಲರಿಗೂ ಚಿಗವ್ವ 'ಸಿಸ್ಟರ್'. ಮಗುವಿಗೆ ಜ್ವರ ಬಂದರೆ, ಮುದುಕರಿಗೆ ಇಂಜೆಕ್ಷನ್ ಚುಚ್ಚಬೇಕಾದರೆ ಅವಳ ಬಾಗಿಲು ಬಡಿಯುತ್ತಿದ್ದರು. ನಮ್ಮ ಬಳಗದಲ್ಲಿ ಯಾರೂ ಹೆಸರೆತ್ತದ ಹೆಂಗಸು ಇಲ್ಲಿ ಒಂದು ಇಡೀ ಕಟ್ಟಡಕ್ಕೆ ಬೇಕಾದವಳಾಗಿದ್ದಳು. ಅವಳಿಗೆ ಕೆಲಸ ಪರೇಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ. ದಿನಾ ಲೋಕಲ್‌ನಲ್ಲಿ ಹೋಗಿ ಬರಲು ಎರಡು ತಾಸಿಗೂ ಹೆಚ್ಚು.

ಬಂದ ಎರಡನೆಯ ದಿನವೇ ಅವಳು ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ಯಾವ ಗಾಡಿ, ಎಲ್ಲಿ ಇಳಿಯುವುದು, ಎಲ್ಲಿ ಬಸ್ಸು, ಎಲ್ಲಿ ಕಾಲುನಡಿಗೆ, ಎಲ್ಲ ಬರೆದಿದ್ದಳು. ಒಬ್ಬಳೇ ಹೋಗಬೇಕೆಂದು ಗೊತ್ತಾದಾಗ ನನ್ನ ಹೊಟ್ಟೆಯಲ್ಲಿ ತಳಮಳ. "ಅಂಜಬ್ಯಾಡ ಮಗಳ. ದಾರಿ ತಪ್ಪಿದ್ರ ಯಾರನ್ನಾದ್ರೂ ಕೇಳು, ಹೇಳ್ತಾರ. ಯಾರ ಮಗಳು ಅಂತ ಮಾತ್ರ ಕೇಳೂದಿಲ್ಲ." ಗದಗಿನಲ್ಲಿ ನಾನು ಕಾಲೇಜಿನಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟು ಅಂಗಡಿಗಳಿದ್ದವೋ ಅಷ್ಟು ಜನ ಅಪ್ಪನ ಪರಿಚಯದವರು. ಐದು ನಿಮಿಷ ತಡವಾದರೆ ಮನೆಗೆ ಸುದ್ದಿ ನನಗಿಂತ ಮುಂಚೆ ಮುಟ್ಟುತ್ತಿತ್ತು.

ಆ ದಿನ ನಾನು ನಡೆದಷ್ಟು ಹಿಂದೆಂದೂ ನಡೆದಿರಲಿಲ್ಲ. ವಿ.ಟಿ.ಯಿಂದ ಫೌಂಟನ್ ಕಡೆಗೆ ಕಮಾನುಗಳ ಕೆಳಗೇ ಹೋದರೆ ಮಳೆ ತಾಗುವುದಿಲ್ಲ. ಅಲ್ಲಿ ಕಾಲುಹಾದಿಯ ತುಂಬ ಹಳೆಯ ಪುಸ್ತಕಗಳ ರಾಶಿ, ಮೇಲೆ ಪ್ಲಾಸ್ಟಿಕ್ ಹಾಳೆ. ಫೋರ್ಟಿನ ಒಂದು ಓಣಿಯಲ್ಲಿ ಸ್ಟ್ರ್ಯಾಂಡ್ ಬುಕ್ ಸ್ಟಾಲ್. ಟಿ. ಎನ್. ಶಾನಭಾಗರು 1948ರಲ್ಲಿ ಶುರುಮಾಡಿದ ಆ ಅಂಗಡಿ ಚಿಕ್ಕದೇ. ಆದರೆ ಕೊಳ್ಳದೆ ನಿಂತು ಓದುವವರನ್ನು ಅಲ್ಲಿ ಯಾರೂ ಎಬ್ಬಿಸಿ ಕಳಿಸುತ್ತಿರಲಿಲ್ಲ. ನಾನು ಒಂದು ಮೂಲೆಯಲ್ಲಿ ನಿಂತು ಇಂಗ್ಲಿಷ್ ಕಥೆಯೊಂದನ್ನು ಪೂರ್ತಿ ಓದಿದೆ. ನನ್ನ ಒದ್ದೆ ಛತ್ರಿಯನ್ನು ತೆಗೆದು ಬಾಗಿಲ ಬಳಿ ಒರಗಿಸಿಟ್ಟ ಹುಡುಗ ಬೇರೇನನ್ನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ರಾಜಾಬಾಯಿ ಗೋಪುರ. 280 ಅಡಿ ಎತ್ತರದ ಆ ಗಡಿಯಾರದ ಗೋಪುರವನ್ನು ಕತ್ತೆತ್ತಿ ನೋಡಿದಾಗ ನನಗೆ ಅದರ ಕಥೆ ತಿಳಿದಿರಲಿಲ್ಲ. ಆಮೇಲೆ ಓದಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ನಮ್ಮ ನೆಲದ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂಬೈಯ ವರ್ತಕರ ಕೈಯಲ್ಲಿ ಹಣ ಹರಿದಾಡಿತು. ಅವರಲ್ಲಿ ದೊಡ್ಡವರಾದ ಪ್ರೇಮಚಂದ ರಾಯಚಂದರು ಕೊಟ್ಟ ದುಡ್ಡಿನಲ್ಲಿ ಎದ್ದದ್ದು ಈ ಗೋಪುರ. ಹೆಸರು ಅವರ ತಾಯಿಯದು. ಕಟ್ಟಿ ಮುಗಿದದ್ದು 1878ರಲ್ಲಿ. ಆ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು, ಕುಮಟೆಯ ಬಂದರಿನಲ್ಲಿ ಹಡಗೇರಿ ಮುಂಬೈಗೆ ಬರುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಿತ್ತು. ಎರೆಭೂಮಿಯಲ್ಲಿ ಬೆನ್ನು ಬಗ್ಗಿಸಿ ಹತ್ತಿ ಬಿಡಿಸಿದ ನಮ್ಮ ಮುತ್ತಜ್ಜಿಯರ ಬೆವರಿನ ಪಾಲೂ ಆ ಕಲ್ಲುಗಳಲ್ಲಿದೆ ಎಂದು ನಾನು ನಂಬುತ್ತೇನೆ. ಯಾರದೋ ಊರಿಗೆ ಬಂದಿದ್ದೇನೆ ಎಂಬ ಅಳುಕು ಅದನ್ನು ಓದಿದ ಮೇಲೆ ನನ್ನಲ್ಲಿ ಉಳಿಯಲಿಲ್ಲ.

ಗೋಪುರದ ಎದುರಿಗೆ ಓವಲ್ ಮೈದಾನ. ಒಂದು ಬದಿಗೆ ಹೈಕೋರ್ಟು, ವಿಶ್ವವಿದ್ಯಾಲಯದ ಕಪ್ಪಿಟ್ಟ ಕಲ್ಲಿನ ಕಟ್ಟಡಗಳು. ಇನ್ನೊಂದು ಬದಿಗೆ 1930ರ ದಶಕದ, ಮೂಲೆಗಳನ್ನು ದುಂಡಗೆ ತಿರುವಿದ, ತಿಳಿಬಣ್ಣದ ಮನೆಗಳು. ನಡುವೆ ಕೆಸರಿನಲ್ಲಿ ಫುಟ್‌ಬಾಲ್ ಆಡುವ ಹುಡುಗರು. ಅಜ್ಜನ ಹೊಲದ ಕಾಗದಗಳು ಆ ಹೈಕೋರ್ಟಿನ ಯಾವುದೋ ಕಪಾಟಿನಲ್ಲಿ ಇರಬಹುದು ಎಂದುಕೊಂಡು ಮೈದಾನದ ನಡುವಿನ ದಾರಿ ದಾಟಿದೆ. 2018ರಲ್ಲಿ ಯುನೆಸ್ಕೊ ಈ ಎರಡೂ ಸಾಲುಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಕಚೇರಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದ್ದೆ.

ಇನ್ನೂ ಪಶ್ಚಿಮಕ್ಕೆ ನಡೆದರೆ ರಸ್ತೆ ಮುಗಿದು, ಸಮುದ್ರ.

ಅದಕ್ಕೂ ಮುಂಚೆ ನಾನು ಸಮುದ್ರ ನೋಡಿರಲಿಲ್ಲ. ಗದಗಿನ ಭೀಷ್ಮಕೆರೆಯೇ ನನ್ನ ಕಣ್ಣಿಗೆ ದೊಡ್ಡ ನೀರು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಜೂನ್ ತಿಂಗಳ ಭರತ ಬಂದು ಬಡಿಯುತ್ತಿತ್ತು. ಕೆಳಗೆ ಪೇರಿಸಿದ ಕಾಂಕ್ರೀಟಿನ ನಾಲ್ಕು ಕಾಲಿನ ದಿಮ್ಮಿಗಳಿಗೆ ಹೊಡೆದ ತೆರೆ ಮನುಷ್ಯರ ಎತ್ತರಕ್ಕಿಂತ ಮೇಲೆದ್ದು ರಸ್ತೆಯ ಮೇಲೆ ಬೀಳುತ್ತಿತ್ತು. ಜನ ಓಡಿಹೋಗುತ್ತಿರಲಿಲ್ಲ, ತೆರೆಗೆಂದೇ ಕಾದು ನಿಂತಿದ್ದರು. ಕಾಲೇಜು ಹುಡುಗಿಯರು, ಟೈ ಕಟ್ಟಿದ ಗಂಡಸರು, ಬುರ್ಖಾ ತೊಟ್ಟ ತಾಯಿ, ಅವಳ ಮೂರು ಮಕ್ಕಳು. ಒಂದು ದೊಡ್ಡ ತೆರೆ ಎಲ್ಲರನ್ನೂ ಒಮ್ಮೆಗೇ ತೋಯಿಸಿದಾಗ ಎಲ್ಲರೂ ಒಟ್ಟಿಗೆ ಕೂಗಿದರು. ನಾನೂ ಕೂಗಿದೆ. ರಸ್ತೆಯಲ್ಲಿ ನಿಂತು ಗಂಟಲೆತ್ತಿ ಕೂಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಯಾರೂ ತಿರುಗಿ ನೋಡಲಿಲ್ಲ. ಬಾಯಿಗೆ ಬಂದ ಉಪ್ಪುನೀರನ್ನು ಉಗುಳದೆ ಹಾಗೇ ಸವಿದೆ.

ಒದ್ದೆ ಸೀರೆಯಲ್ಲಿಯೇ ವಿ.ಟಿ.ಗೆ ಬಂದಾಗ ಸಂಜೆ ಆರರ ಹೊತ್ತು. ಚಿಗವ್ವ ಚೀಟಿಯಲ್ಲಿ ದಪ್ಪಕ್ಷರದಲ್ಲಿ "ಐದರೊಳಗೆ ಗಾಡಿ ಹತ್ತು" ಎಂದು ಬರೆದಿದ್ದಳು. ಸಮುದ್ರ ನನ್ನನ್ನು ಬಿಟ್ಟಿರಲಿಲ್ಲ. ಗಾಡಿ ಇನ್ನೂ ನಿಲ್ಲುವ ಮೊದಲೇ ಹೆಂಗಸರು ಹಾರಿ ಒಳಗೆ ಸೇರುತ್ತಿದ್ದರು. ನನ್ನನ್ನು ಯಾರು ಹತ್ತಿಸಿದರೋ ತಿಳಿಯದು, ಹಿಂದಿನವರ ರಭಸಕ್ಕೇ ಲೇಡೀಸ್ ಡಬ್ಬಾದ ಒಳಗಿದ್ದೆ. ಆಗ ಒಂದು ಏರ್ಪಾಟು ಕಣ್ಣಿಗೆ ಬಿತ್ತು. ನಿಂತವಳು ಕುಳಿತವಳನ್ನು "ಕುಠೆ ಉತರ್‌ಣಾರ್?" ಎಂದು ಕೇಳುತ್ತಾಳೆ. ಘಾಟ್‌ಕೋಪರ್ ಎಂದರೆ ಅಲ್ಲಿಂದ ಮುಂದಿನ ಸೀಟು ಕೇಳಿದವಳದು. ಅವಳ ಸೀಟನ್ನು ಠಾಣೆಯಿಂದ ಮುಂದಕ್ಕೆ ಇನ್ನೊಬ್ಬಳು ಕೇಳಿಕೊಂಡಿರುತ್ತಾಳೆ. ಚೀಟಿಯಿಲ್ಲ, ಸಾಕ್ಷಿಯಿಲ್ಲ, ಬಾಯಿಮಾತು. ಆ ಮಾತನ್ನು ಯಾರೂ ಮುರಿಯುತ್ತಿರಲಿಲ್ಲ. ಮೂವರ ಬೆಂಚಿನಲ್ಲಿ ನಾಲ್ಕನೆಯವಳೂ ಕೂರುತ್ತಾಳೆ. ಅರ್ಧ ಮೈ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಅದಕ್ಕೆ ನಾಲ್ಕನೇ ಸೀಟು ಎನ್ನುತ್ತಾರೆ.

ನನಗೆ ಈ ಕೇಳುವ ರೀತಿ ಗೊತ್ತಿರಲಿಲ್ಲ. ಕಂಬ ಹಿಡಿದು ನಿಂತೇ ಇದ್ದೆ. ದಾದರ್ ದಾಟಿದ ಮೇಲೆ ಕಿಟಕಿಯ ಬದಿಯ ಬೆಂಚಿನ ದಪ್ಪನೆಯ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒದ್ದೆ ಸೀರೆ ನೋಡಿ, ತನ್ನ ಪಕ್ಕದವರಿಗೆ ಏನೋ ಅಂದಳು. ಮೂವರೂ ಉಸಿರೆಳೆದುಕೊಂಡು ಒಳಗೆ ಸರಿದರು. ಅಂಗೈಯಗಲ ಜಾಗ ಬಿಟ್ಟಿತು. ನಾನು ಕುಳಿತೆ. ಅವಳ ಮಡಿಲಲ್ಲಿ ಪತ್ರಿಕೆ ಹಾಸಿತ್ತು, ಅದರ ಮೇಲೆ ಚವಳಿಕಾಯಿ. ಆಫೀಸಿನಿಂದ ಮನೆಗೆ ಮುಟ್ಟುವಷ್ಟರಲ್ಲಿ ರಾತ್ರಿಯ ಪಲ್ಲೆಗೆ ಸೋಸಿ ಇಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಹಿಡಿ ಕಾಯಿಯನ್ನು ನನ್ನ ಕೈಗೂ ಹಾಕಿದಳು. ಕೇಳಲಿಲ್ಲ, ನಗಲಿಲ್ಲ, ಸುಮ್ಮನೆ ಕೊಟ್ಟಳು. ನಾನು ತೊಟ್ಟು ಮುರಿದು ನಾರು ಎಳೆಯತೊಡಗಿದೆ. ಎದುರಿಗೆ ಒಬ್ಬಳು ಭಜನೆಗೆ ಧ್ವನಿ ಎತ್ತಿದಳು, ನಾಲ್ಕಾರು ಜನ ದನಿಗೂಡಿಸಿದರು. ಠಾಣೆ ದಾಟಿ ಪಾರಸಿಕ್ ಸುರಂಗದ ಕತ್ತಲೆಯೊಳಗೆ ಗಾಡಿ ನುಗ್ಗಿದಾಗಲೂ ಕೈ ನಿಲ್ಲಲಿಲ್ಲ, ಹಾಡೂ ನಿಲ್ಲಲಿಲ್ಲ.

ಮುಂಬೈಯನ್ನು ನಾನು ಪ್ರೀತಿಸಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಸಮುದ್ರದ ಹೆಸರು ಹೇಳುವುದಿಲ್ಲ. ಆ ಒಂದು ಹಿಡಿ ಚವಳಿಕಾಯಿಯ ಹೆಸರು ಹೇಳುತ್ತೇನೆ. ನನ್ನ ಕುಲ, ಊರು, ಅಪ್ಪನ ಹೆಸರು ಯಾವುದೂ ಬೇಡದೆ ನನ್ನಿಂದ ಕೆಲಸ ತೆಗೆದುಕೊಂಡ, ಜಾಗ ಕೊಟ್ಟ ಮೊದಲ ಊರು ಅದು.

ಮಾಟುಂಗಾವನ್ನು ಬೇಗ ಹೇಳಿ ಮುಗಿಸುತ್ತೇನೆ. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ಸ್ಟೇಶನ್ ಎದುರಿನ ಮಾರುಕಟ್ಟೆಯಲ್ಲಿ ಕರಿಬೇವು, ಬಾಳೆಎಲೆ, ಅಬ್ಬಲಿಗೆ ದಂಡೆ. 1942ರಿಂದ ನಡೆದು ಬಂದಿರುವ ರಾಮ ನಾಯಕರ ಉಡುಪಿ ಊಟದ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗ ಬಡಿಸುವವರು ಕನ್ನಡದಲ್ಲಿ "ಇನ್ನೊಂಚೂರು ಅನ್ನ?" ಎಂದು ಕೇಳಿದರು. ಕರಾವಳಿಯಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಒಂದು ತಲೆಮಾರೇ ಆ ಊರಿನಲ್ಲಿತ್ತು.

ವಾರದ ರಜೆಯಂದು ಚಿಗವ್ವ ನನ್ನನ್ನು ಕಾಟನ್ ಗ್ರೀನ್‌ಗೆ ಕರೆದುಕೊಂಡು ಹೋದಳು. ಹಾರ್ಬರ್ ಲೈನಿನ ಆ ಸ್ಟೇಶನ್ನಿನ ಹೊರಗೆ ಗೋದಾಮುಗಳ ಸಾಲು, ತಾಡಪತ್ರಿ ಹೊದಿಸಿದ ಲಾರಿಗಳು, ಬೇಲ್ ಉರುಳಿಸುವ ಹಮಾಲರು, ಒದ್ದೆ ನೆಲಕ್ಕೆ ಅಂಟಿದ ಹತ್ತಿಯ ಚೂರು. ಅಪ್ಪನಿಗೆ ಹೇಳಲೆಂದು ಎಲ್ಲವನ್ನೂ ಕಣ್ತುಂಬ ನೋಡಿಕೊಂಡೆ. ಅಲ್ಲಿಂದ ಪರೇಲ್, ಲಾಲ್‌ಬಾಗ್ ಕಡೆಗೆ ನಡೆದೆವು. ಎತ್ತರದ ಚಿಮಣಿಗಳು ಸಾಲಾಗಿ ನಿಂತಿದ್ದವು, ಬಹಳಷ್ಟರಲ್ಲಿ ಹೊಗೆ ಇರಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರ ಎಂದು ಮುಗಿಯಿತೆಂದು ಯಾರೂ ಹೇಳಲಾರರು. ಸಾವಿರಾರು ಜನ ಮತ್ತೆ ಕೆಲಸಕ್ಕೆ ಹೋಗಲೇ ಇಲ್ಲ. ಚಿಗವ್ವನ ಜೊತೆ ಕೆಲಸ ಮಾಡುವ ಆಯಾ ಒಬ್ಬಳ ಮನೆ ಅಲ್ಲಿಯ ಚಾಳಿನಲ್ಲಿತ್ತು. ಗಂಡ ಮಗ್ಗದ ಖಾತೆಯಲ್ಲಿದ್ದವನು, ಈಗ ಮನೆಯಲ್ಲಿ. ಅವಳು ಪಾಳಿ ಮುಗಿಸಿ ಬಂದು ಹತ್ತು ಜನಕ್ಕೆ ಡಬ್ಬಿ ಅಡುಗೆ ಮಾಡಿ ಕೊಡುತ್ತಿದ್ದಳು. ಹತ್ತಡಿಯ ಆ ಖೋಲಿಯಲ್ಲಿ ನಮಗೆ ಚಹಾ ಕೊಟ್ಟು, ಹೊರಡುವಾಗ ನನ್ನ ಹಣೆಗೆ ಕುಂಕುಮ ಹಚ್ಚಿ ಕೈಯಲ್ಲಿ ಒಂದು ತೆಂಗಿನಕಾಯಿ ಇಟ್ಟಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಈ ಊರು ಜನರನ್ನು ಹಿಂಡುತ್ತದೆ ಎಂಬುದನ್ನು ಪ್ರೀತಿಯಾದ ಅದೇ ವಾರ ಕಂಡೆ. ಈಗ ಆ ಗಿರಣಿಗಳ ಜಾಗದಲ್ಲಿ ಮಾಲುಗಳು, ಗಾಜಿನ ಕಚೇರಿಗಳು. ಸ್ಟ್ರ್ಯಾಂಡ್ ಕೂಡ 2018ರಲ್ಲಿ ಬಾಗಿಲು ಹಾಕಿತು. ನನ್ನ ದುಃಖಗಳಲ್ಲಿ ಇವೂ ಸೇರಿವೆ. ಊರೊಂದನ್ನು ಪ್ರೀತಿಸಿದವರಿಗೆ ಅದರ ನಷ್ಟವೂ ಮನೆಯ ನಷ್ಟವೇ.

ಒಂದು ದಿನ ಚಿಗವ್ವನ ಮಧ್ಯಾಹ್ನದ ಪಾಳಿ ಮುಗಿಯುವ ತನಕ ಆಸ್ಪತ್ರೆಯಲ್ಲೇ ಕುಳಿತಿದ್ದು, ರಾತ್ರಿ ಹತ್ತೂವರೆಯ ಸ್ಲೋ ಗಾಡಿಯಲ್ಲಿ ಒಟ್ಟಿಗೆ ಮನೆಗೆ ಹೊರಟೆವು. ಡಬ್ಬಾದಲ್ಲಿ ಹತ್ತು ಹನ್ನೆರಡು ಹೆಂಗಸರು. ಒಬ್ಬಳು ಚಪ್ಪಲಿ ಕಳಚಿ, ಎದುರಿನ ಬೆಂಚಿಗೆ ಕಾಲು ಚಾಚಿ ನಿದ್ದೆಹೋಗಿದ್ದಳು. ಇನ್ನೊಬ್ಬಳು ಪರೀಕ್ಷೆಯ ಪುಸ್ತಕ ಓದುತ್ತಿದ್ದಳು. ಅಷ್ಟು ರಾತ್ರಿಯಲ್ಲಿ ಗಂಡಸರ ಕಾವಲಿಲ್ಲದೆ ಅಷ್ಟು ಹೆಂಗಸರು ನಿಶ್ಚಿಂತರಾಗಿ ಕುಳಿತದ್ದನ್ನು ನಾನು ನೋಡಿದ್ದು ಆಗಲೇ. ಮಳೆಯ ಎರಚಲು ಬರುತ್ತಿದ್ದ ಬಾಗಿಲ ಹತ್ತಿರ ಚಿಗವ್ವ ನಿಂತಿದ್ದಳು. ನಾನು ಕೇಳಿದೆ, "ಒಬ್ಬಾಕೀಗೆ ಬ್ಯಾಸರ ಆಗೂದಿಲ್ಲೇನು ಚಿಗವ್ವಾ?"

ಅವಳು ತಕ್ಷಣ ಉತ್ತರಿಸಲಿಲ್ಲ. "ಆಗ್ತದ. ಪಂಚಮಿ ಬಂದ್ರ ಆಗ್ತದ. ಜ್ವರ ಬಂದ್ರ ಆಗ್ತದ" ಎಂದಳು. ಆಮೇಲೆ, "ಆದ್ರ ಇಲ್ಲಿ ನಾ ರಾತ್ರಿ ಹನ್ನೊಂದ್ಕ ಮನೀಗೆ ಬಂದ್ರ ಬಾಜೂದವ್ರು ಉಂಡ್ಯೇನು ಅಂತ ಕೇಳ್ತಾರ. ಎಲ್ಲಿಗೆ ಹೋಗಿದ್ದಿ ಅಂತ ಕೇಳೂದಿಲ್ಲ."

ಊರಿಗೆ ಮರಳಿದ ಮೇಲೆ ನಾನು ಎಲ್ಲರಿಗೂ ಸಮುದ್ರದ ಕಥೆ ಹೇಳಿದೆ. ಅಪ್ಪನಿಗೆ ಗೋದಾಮುಗಳ ಬಗ್ಗೆ ಹೇಳಿದೆ. ಅವ್ವನಿಗೆ ಚಿಗವ್ವನ ಅಡುಗೆಮನೆಯ ಡಬ್ಬಗಳು ಯಾವ ಕ್ರಮದಲ್ಲಿವೆ ಎಂಬುದನ್ನೂ ಹೇಳಬೇಕಾಯಿತು. ಅವಳು ಬಿಡಿಬಿಡಿಯಾಗಿ ಕೇಳುತ್ತಿದ್ದಳು. ಅದೇ ಮಳೆಗಾಲದ ಕೊನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಅರ್ಜಿ ಕರೆದರು. ನಾನು ಮುಂಬೈಗೆ ಅರ್ಜಿ ತುಂಬಿದೆ. ಮುಂದೆ ಅಲ್ಲಿಯೇ ಕೆಲಸ ಸಿಕ್ಕಿತು, ಬದುಕಿನ ಬಹುಪಾಲು ಅಲ್ಲಿಯೇ ಕಳೆಯಿತು. ಆದರೆ ಆ ಅರ್ಜಿಯ ದಿನ ಅದೆಲ್ಲ ಯಾರಿಗೆ ಗೊತ್ತಿತ್ತು.

ಅಪ್ಪ ಅಂಗಡಿಯಿಂದ ಬಂದು, ಕಾಲು ತೊಳೆದು, ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಮೊದಲಿನಿಂದ ಕೊನೆಯತನಕ ಓದಿದರು. ಮುಂಬೈಯ ವಿಳಾಸ ಬರೆಯುವಲ್ಲಿ ನಾನು ಚಿಗವ್ವನ ಪೂರ್ತಿ ಹೆಸರನ್ನೂ, ಡೊಂಬಿವಲಿಯ ಮನೆಯನ್ನೂ ಮಸಿಯಲ್ಲಿ ಬರೆದಿದ್ದೆ. ಆ ಹೆಸರಿನ ಮೇಲೆ ಅಪ್ಪನ ಬೆರಳು ನಿಂತಿತು.

"ಇವಳ ಮನ್ಯಾಗ ಇರ್ತೀ?"

"ಹೂಂ ಅಪ್ಪಾ."

ಅಪ್ಪ ಇನ್ನೇನೂ ಕೇಳದೆ ಅರ್ಜಿಯನ್ನು ಮಡಚಿ ಪಾಕೀಟಿಗೆ ಹಾಕಿದರು, ನಾಳೆ ತಾವೇ ರಜಿಸ್ಟರ್ ಮಾಡಿಸುವುದಾಗಿ ಹೇಳಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಅಲ್ಲಿಂದಲೇ ಕೂಗಿದಳು:

"ನಮ್ಮವ್ವನ ಸೀರಿವು ಎರಡು ಕೌದಿ ಅದಾವ ಟ್ರಂಕಿನ್ಯಾಗ. ಒಂದು ಅಕೀದು. ಹೋಗೂವಾಗ ಒಯ್ಯಿ."